ಹೈಲೈಟ್ಸಿಗೆ ಬಾರದವರು

ನನ್ನ ತಂಗಿಯ ಮಗ ವಿಡಿಯೋ ಎಡಿಟರ್. ಅದೆಂಥ ಕೆಲಸ ಎನ್ನುವುದು ನಮ್ಮ ಅಮ್ಮನಿಗೆ, ಅಂದರೆ ಅವನ ಅಜ್ಜಿಗೆ, ಇನ್ನೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದಷ್ಟು ಹಿಡಿಸಿಲ್ಲ. ಅವನು ರಾತ್ರಿ ಹೊತ್ತು ಫೋನಿನಲ್ಲಿ ಜೊತೆಗಾರರಿಗೆ ಹೇಳುವ ಮಾತೇ ಹಾಗಿರುತ್ತದೆ. “ಹೆಡ್ ಸ್ವಲ್ಪ ಟ್ರಿಮ್ ಮಾಡೋ. ಟೇಲ್ ಹಂಗೇ ಇರ್ಲಿ. ರೇಜರ್ ತಗೊಂಡು ಮಧ್ಯಕ್ಕೆ ಒಂದು ಕಟ್ ಹೊಡಿ. ಆ ಅಂಕಲ್ ಮುಖ ಬೇಡ, ಎತ್ತಿ ಬಿನ್‌ಗೆ ಹಾಕು. ಆಡಿಯೋನ ಕಿಲ್ ಮಾಡು.” ಪಕ್ಕದ ಕೋಣೆಯಲ್ಲಿ ಜಪಕ್ಕೆ ಕೂತ ಅಮ್ಮನಿಗೆ ಗುಮಾನಿ ಬಾರದೆ ಇರುತ್ತದೆಯೇ? “ಓದಿದ್ದು ಬಿ.ಕಾಂ., ಮಾಡೋದು ಕುಯ್ಯೋ ಕೆಲಸ” ಎಂದು ನನ್ನ ಹತ್ತಿರ ಗೊಣಗುತ್ತಾಳೆ.

ಅವನು ಕುಯ್ಯುವುದು ಆಟಗಳನ್ನು. ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟು, ಕಾರ್ಪೊರೇಟ್ ಕಪ್ಪು, ಊರ ಜಾತ್ರೆಯ ಕಬಡ್ಡಿ, ಚಳಿಗಾಲ ಬಂದರೆ ಮಂಗಳೂರಿನ ಗೆಳೆಯ ಕಳಿಸುವ ಕಂಬಳದ ದೃಶ್ಯಗಳು. ದಿನವಿಡೀ ನಡೆದದ್ದನ್ನು ಮೂರು ನಿಮಿಷಕ್ಕೆ ಇಳಿಸಿ, ಸಂಗೀತ ತುಂಬಿ, ಹೆಸರು ಬರೆದು ಕೊಟ್ಟರೆ ಅದಕ್ಕೆ ಹೈಲೈಟ್ಸ್ ಎಂದು ಹೆಸರು, ಇವನಿಗೆ ಸಂಬಳ. ಇವನ ಸ್ಟುಡಿಯೋ ಮೊದಲು ಮದುವೆ ವಿಡಿಯೋ ಮಾಡುತ್ತಿತ್ತಂತೆ. ಆ ಕಾಲದ ‘ಮಿಕ್ಸಿಂಗ್’ ನೋಡಿದವರಿಗೆ ನೆನಪಿರಬಹುದು. ಹೃದಯದ ಆಕಾರ ತೆರೆದುಕೊಂಡು ಅದರೊಳಗಿಂದ ವಧು ಬರುವಳು, ಕಮಲ ಅರಳಿ ವರ ಬರುವನು. ಕೆ.ಆರ್.ಎಸ್. ದಾಟಿ ಹೋಗದ ದಂಪತಿ ಹಿಮಪರ್ವತದ ಮುಂದೆ ಗಿರಗಿರನೆ ತಿರುಗುವರು. ಒಂದು ದೃಶ್ಯ ಇನ್ನೊಂದನ್ನು ಒರೆಸಿಕೊಂಡು ಬರುವ ಇದಕ್ಕೆಲ್ಲ ‘ವೈಪ್’ ಎಂಬ ಒಂದೇ ಕುಲನಾಮ. ಈಗ ಹೃದಯ, ಕಮಲ ಹೋಗಿವೆ. ಅವುಗಳ ಜಾಗದಲ್ಲಿ ತಂಡದ ಲಾಂಛನ ಸರ್ರನೆ ಹಾದುಹೋಗುತ್ತದೆ. ಹೊಸಬರು ಅದನ್ನು ‘ಸ್ಟಿಂಗರ್’ ಎನ್ನುತ್ತಾರೆ. ಸಂತತಿ ಮಾತ್ರ ಅದೇ.

ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂರುವುದು ಈಚೆಗೆ ನನಗೆ ಅಂಟಿದ ಚಟ. ಪರದೆಯ ಕೆಳಭಾಗದಲ್ಲಿ ಉದ್ದಕ್ಕೆ ಮಲಗಿರುವ ಪಟ್ಟಿ ಟೈಮ್‌ಲೈನ್. ಮೇಲೆ ಚಿತ್ರದ ಪದರ, ಕೆಳಗೆ ಸದ್ದಿನ ಪದರ. ಕೀಬೋರ್ಡಿನಲ್ಲಿ ಐ ಒತ್ತಿದರೆ ಇನ್ ಪಾಯಿಂಟ್, ಓ ಒತ್ತಿದರೆ ಔಟ್ ಪಾಯಿಂಟ್. ಎರಡರ ನಡುವೆ ಸಿಕ್ಕಿದ್ದು ಉಳಿಯಿತು, ಮಿಕ್ಕಿದ್ದು ಹೋಯಿತು. ಹೋಗುವುದಾದರೂ ಹೇಗೆ! ‘ರಿಪಲ್ ಡಿಲೀಟ್’ ಎಂಬುದೊಂದಿದೆ. ನಡುವಿನ ತುಂಡು ತೆಗೆದ ಕ್ಷಣವೇ ಮುಂದಿನದೆಲ್ಲ ತಾನಾಗಿ ಜರುಗಿ ಬಂದು ತೆರಪು ಮುಚ್ಚುತ್ತದೆ. ಅಲ್ಲೊಂದು ಓವರ್ ಇತ್ತೆಂಬ ಗುರುತೂ ಉಳಿಯುವುದಿಲ್ಲ. ಆರು ಚೆಂಡನ್ನೂ ಒಂದೇ ಜಾಗಕ್ಕೆ ಹಾಕಿ, ಒಂದೂ ರನ್ ಕೊಡದ ಯಾವನೋ ಹುಡುಗನ ಮೇಡನ್ ಓವರ್ ನನ್ನ ಕಣ್ಣೆದುರೇ ಹೀಗೆ ಮಾಯವಾಯಿತು.

“ಅಯ್ಯೋ, ಅದು ಒಳ್ಳೇ ಓವರ್ ಕಣೋ.”

“ಅದರಲ್ಲಿ ಏನೂ ಆಗಿಲ್ವಲ್ಲ ಮಾವ.”

ಏನೂ ಆಗದಂತೆ ನೋಡಿಕೊಂಡದ್ದೇ ಆ ಹುಡುಗನ ಸಾಹಸ. ಆದರೆ ಸಾಹಸಕ್ಕೆ ಸದ್ದಿಲ್ಲದಿದ್ದರೆ ಟೈಮ್‌ಲೈನಿನಲ್ಲಿ ಜಾಗವಿಲ್ಲ. ಮುಂದಿನ ಓವರಿನಲ್ಲಿ ಹಾರಿದ ಸಿಕ್ಸರು ಉಳಿಯಿತು. ಹೊಡೆದವನ ಹೆಸರು ಪರದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಅಂದರೆ ‘ಲೋಯರ್ ಥರ್ಡ್’ನಲ್ಲಿ, ಬೆಂಕಿಯ ಅಕ್ಷರಗಳಲ್ಲಿ ಹೊತ್ತಿಕೊಂಡಿತು. ಎಸೆದವನು ಹೆಸರಿಲ್ಲದೆ ಬೆನ್ನು ತಿರುಗಿಸಿ ನಡೆದ. “ಅವನ ಹೆಸರೇನೋ?” ಎಂದೆ. “ಗೊತ್ತಿಲ್ಲ ಮಾವ. ದುಡ್ಡು ಕೊಡೋರು ಸಿಕ್ಸರ್ ಹೊಡೆದೋರು.”

ಇದನ್ನು ಕೇಳಿ ಇದು ನಮ್ಮ ಕಾಲೋನಿ ಕ್ರಿಕೆಟ್ಟಿನ ಬಡತನ ಎಂದುಕೊಳ್ಳಬೇಡಿ. ಶ್ರೀಮಂತ ಅಮೆರಿಕದಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ. ಅಲ್ಲಿ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವ ಹುಡುಗರು ಕಾಲೇಜು ಕೋಚುಗಳಿಗೆ ತಮ್ಮ ಹೈಲೈಟ್ಸ್ ಕಳಿಸಬೇಕು. ಸ್ಕಾಲರ್‌ಶಿಪ್ ಸಿಗುವುದು ಬಿಡುವುದು ಬಹಳ ಮಟ್ಟಿಗೆ ಅದರ ಮೇಲೆ. ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ 2006ರಲ್ಲಿ ಹುಟ್ಟಿದ ಹಡಲ್ ಎಂಬ ಕಂಪನಿ ಇಂಥ ವಿಡಿಯೋಗಳಿಂದಲೇ ಬೆಳೆಯಿತು. ಅಲ್ಲೊಂದು ಪದ್ಧತಿಯಿದೆ. ಆಟ ಶುರುವಾಗುವ ಮುಂಚೆ ಚಿತ್ರವನ್ನು ‘ಫ್ರೀಜ್’ ಮಾಡಿ, ನಮ್ಮ ಹುಡುಗನ ಕಾಲಬುಡಕ್ಕೆ ಒಂದು ಬೆಳಕಿನ ಉಂಗುರ ತೊಡಿಸಿ, ಮಿಕ್ಕ 21 ಮಂದಿಯನ್ನು ಮಬ್ಬು ಮಾಡುವುದು. ಕೋಚಿಗೆ ಪುರುಸೊತ್ತಿಲ್ಲ, ಹುಡುಕುತ್ತ ಕೂರುವುದಿಲ್ಲ, ಆದ್ದರಿಂದ ನಿನ್ನ ಅತ್ಯುತ್ತಮ ಆಟ ಮೊದಲ ಅರ್ಧ ನಿಮಿಷದಲ್ಲೇ ಬರಲಿ ಎನ್ನುವುದು ಅಲ್ಲಿಯ ಹಿರಿಯರ ಬುದ್ಧಿವಾದ. ಓಡುವವನಿಗೆ ದಾರಿ ಬಿಡಿಸಿಕೊಡಲು ಎದುರಾಳಿಯ ಎದೆಗೆ ಎದೆಕೊಟ್ಟು ನಿಂತವನು ಆ ಮಬ್ಬಿನಲ್ಲೇ ಇರುತ್ತಾನೆ. ಅವನೂ ಅವರಪ್ಪನೂ ಬೇರೆ ವಿಡಿಯೋ ಮಾಡಿಸಿಕೊಳ್ಳಬೇಕು. ಅದರಲ್ಲಿ ಓಡಿದವನು ಮಬ್ಬು.

ಅಮೆರಿಕದ ವಿಷಯ ಬಂದದ್ದಕ್ಕೆ ಇನ್ನೊಂದು ಕತೆ. ಆದದ್ದನ್ನು ಆಗಿಂದಾಗಲೇ ಮತ್ತೆ ತೋರಿಸುವ ರಿಪ್ಲೇ ಮೊದಲು ಕಂಡದ್ದು 1963ರ ಡಿಸೆಂಬರ್ 7ರಂದು, ಫಿಲಡೆಲ್ಫಿಯಾದಲ್ಲಿ, ಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವಿನ ಫುಟ್‌ಬಾಲ್ ಪಂದ್ಯದಲ್ಲಿ. ಕೆನಡಿ ಹತ್ಯೆಯಿಂದಾಗಿ ಒಂದು ವಾರ ಮುಂದಕ್ಕೆ ಹೋಗಿದ್ದ ಪಂದ್ಯ ಅದು. ಸಿಬಿಎಸ್ ವಾಹಿನಿಯ ಟೋನಿ ವರ್ನಾ ಎಂಬ ನಿರ್ದೇಶಕ ಅರ್ಧ ಟನ್ನಿಗೂ ಮೇಲೆ ತೂಗುವ ಟೇಪ್ ಯಂತ್ರವನ್ನು ಮೈದಾನಕ್ಕೆ ಸಾಗಿಸಿದ. ಬೇಕಾದ ಜಾಗ ಸಿಗಲೆಂದು ಟೇಪಿನ ಸದ್ದಿನ ಪಥದಲ್ಲಿ ಬೀಪ್ ಬೀಪ್ ಎಂದು ಗುರುತು ಹಾಕಿಟ್ಟ. ಪಂದ್ಯದುದ್ದಕ್ಕೂ ಯಂತ್ರ ಕೈಕೊಟ್ಟು, ಕೊನೆಗೆ ಸೇನೆಯ ಆಟಗಾರ ಗಡಿ ದಾಟಿದ ದೃಶ್ಯ ಸರಿಯಾಗಿ ಸಿಕ್ಕಿತು. ತೋರಿಸಿದ್ದೂ ಆಯಿತು. ತಾಪತ್ರಯ ಶುರುವಾದದ್ದು ಆಮೇಲೆ. ಜನಕ್ಕೆ ಅದು ಮತ್ತೊಂದು ಸಲ ಆಯಿತೋ, ಆಗಿದ್ದನ್ನೇ ತೋರಿಸುತ್ತಿದ್ದಾರೋ ಹೇಗೆ ತಿಳಿಯಬೇಕು? ವೀಕ್ಷಕ ವಿವರಣೆಗಾರ ಲಿಂಡ್ಸೆ ನೆಲ್ಸನ್ ಇದು ನೇರಪ್ರಸಾರವಲ್ಲ, ಸೇನೆಯವರು ಮತ್ತೆ ಅಂಕ ಗಳಿಸಿಲ್ಲ ಎಂದು ಕೂಗಿ ಹೇಳಬೇಕಾಯಿತು.

ಆ ಕೂಗು ಬರಬರುತ್ತ ಚಿತ್ರವಾಯಿತು. ನಾವು ದೂರದರ್ಶನದಲ್ಲಿ ಕ್ರಿಕೆಟ್ ನೋಡುವಾಗ ರಿಪ್ಲೇ ಬಂದರೆ ಮೂಲೆಯಲ್ಲಿ ‘ಆರ್’ ಅಕ್ಷರ ಮಿನುಗುತ್ತಿತ್ತು. ಅದು ಕಾಣದೆ, ಒಬ್ಬನೇ ಆಟಗಾರ ಎರಡು ಸಲ ಔಟಾದನೆಂದು ಹಲುಬಿದ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದರು. ಈಗ ಆ ಕೆಲಸವನ್ನು ಲಾಂಛನದ ಸ್ಟಿಂಗರು ಮಾಡುತ್ತದೆ: ಬಾಗಿಲು ತೆಗೆದು ಹಿಂದಿನ ಕಾಲಕ್ಕೆ ಒಯ್ಯುತ್ತದೆ, ಇನ್ನೊಮ್ಮೆ ತೆಗೆದು ವಾಪಸು ತಂದುಬಿಡುತ್ತದೆ. ನೇರಪ್ರಸಾರದ ಓಬಿ ವ್ಯಾನಿನೊಳಗೆ ಕೂತು ಈ ಬಾಗಿಲು ಕಾಯುವವನಿಗೆ ‘ಇವಿಎಸ್ ಆಪರೇಟರ್’ ಎನ್ನುತ್ತಾರೆ. ಬೆಲ್ಜಿಯಂನ ಲೀಜ್ ಪಟ್ಟಣದಲ್ಲಿ 1994ರಲ್ಲಿ ಶುರುವಾದ ಇವಿಎಸ್ ಕಂಪನಿಯ ಯಂತ್ರವೇ ಅವನ ಹೆಸರೂ ಆಗಿಹೋಗಿದೆ. ಒಂದು ಕೈಯಲ್ಲಿ ಚಕ್ರ ತಿರುವುತ್ತ, ಇನ್ನೊಂದರಲ್ಲಿ ಸನ್ನೆ ಜಗ್ಗುತ್ತ, ಆಟ ಮುಂದೆ ಓಡುತ್ತಿರುವಾಗಲೇ ಹಿಂದಿನದನ್ನು ಹಿಡಿದು ನಿಧಾನವಾಗಿ ನಡೆಸುವವನು ಅವನು. 1992ರ ನವೆಂಬರಿನ ಡರ್ಬನ್ ಟೆಸ್ಟಿನಲ್ಲಿ ಸಚಿನ್ ತೆಂಡುಲ್ಕರ್ ಟಿವಿ ರಿಪ್ಲೇ ನೋಡಿ ರನೌಟ್ ಎಂದು ತೀರ್ಪಾದ ಮೊದಲ ಆಟಗಾರರಾದರು. ಅಲ್ಲಿಂದಾಚೆಗೆ ರಿಪ್ಲೇ ಬರಿಯ ಮೋಜಾಗಿ ಉಳಿಯದೆ ನ್ಯಾಯಪೀಠವೂ ಆಯಿತು. ಚಕ್ರ ತಿರುವುವವನ ಮುಖ ಮಾತ್ರ ಯಾವ ಪ್ರಸಾರದಲ್ಲೂ ಕಾಣದು.

ನಿಧಾನದ ಮಾತು ಬಂತು. ಸ್ಲೋ ಮೋಷನ್ ಕಂಡುಹಿಡಿದವರು ಯಾರೋ ಅವಸರದ ಸಿನಿಮಾದವರಲ್ಲ, ಆಸ್ಟ್ರಿಯಾದ ಆಗಸ್ಟ್ ಮುಸ್ಗರ್ ಎಂಬ ಪಾದ್ರಿ. ಭೌತಶಾಸ್ತ್ರದ ಮೇಷ್ಟ್ರೂ ಆಗಿದ್ದ ಅವರು 1904ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಿಧಾನವಾಗಿ ಕಾಣಬೇಕಾದರೆ ಕ್ಯಾಮೆರಾ ಜೋರಾಗಿ ಓಡಬೇಕೆನ್ನುವುದು ಅದರ ಗುಟ್ಟು. ಸೆಕೆಂಡಿಗೆ ನೂರು ಚಿತ್ರ ತೆಗೆದು ಇಪ್ಪತ್ತೈದರಂತೆ ತೋರಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. ನೂರು ತೆಗೆಯದೆ, ಇಪ್ಪತ್ತೈದನ್ನೇ ಎಳೆದರೆ ಚಿತ್ರ ತೊದಲುತ್ತದೆ. ಆಗ ಸಾಫ್ಟ್‌ವೇರ್ ‘ಆಪ್ಟಿಕಲ್ ಫ್ಲೋ’ ಎಂದು ನಡುವಿನ ಚಿತ್ರಗಳನ್ನು ತಾನೇ ಊಹಿಸಿ ತುಂಬುತ್ತದೆ, ಬ್ಯಾಟು ಜೆಲ್ಲಿಯ ಹಾಗೆ ಬಳುಕುತ್ತದೆ. ಈಗಿನ ಹುಡುಗರಿಗೆ ಸರಾಸರಿ ನಿಧಾನವೂ ಸಾಲದು. ಓಟ ವೇಗವಾಗಿ ಬಂದು, ಹೊಡೆತದ ಹೊತ್ತಿಗೆ ಸಮಯವೇ ನಿಂತಂತಾಗಿ, ಚೆಂಡು ಹಾರುತ್ತಲೇ ಮತ್ತೆ ಧಾವಿಸಬೇಕು. ಅದಕ್ಕೆ ‘ಸ್ಪೀಡ್ ರ‍್ಯಾಂಪ್’.

ಇದರಲ್ಲಿ ಹುಡುಗಾಟವೇ ಹೆಚ್ಚು. ಆದರೆ ಕಂಬಳದ ದೃಶ್ಯ ಬಂದ ದಿನ ನನ್ನ ಅಭಿಪ್ರಾಯ ಸ್ವಲ್ಪ ಸಡಿಲಾಯಿತು. ಕನೆಹಲಗೆ ವಿಭಾಗ. ಓಡಿಸುವವನು ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತಿರುತ್ತಾನೆ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಕರೆಗೆ, ಅಂದರೆ ಕೋಣಗಳು ಓಡುವ ಕೆಸರುಗದ್ದೆಗೆ, ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಲೆಕ್ಕ. ಬರಿಗಣ್ಣಿಗೆ ಅದು ಒಂದು ಕೆಸರಿನ ಸ್ಫೋಟ, ಅಷ್ಟೇ. ಅಳಿಯ ಅದನ್ನು ನಿಧಾನಕ್ಕೆ ಇಳಿಸಿದ. ನೀರು ಎರಡು ರೆಕ್ಕೆಯಾಗಿ ಎದ್ದಿತು, ತುದಿಯಲ್ಲಿ ಹನಿಹನಿಯಾಗಿ ಒಡೆಯಿತು, ಒಂದು ಹನಿ ಬಟ್ಟೆಯ ಅಂಚಿಗೆ ತಾಗಿ ಅಲ್ಲೊಂದು ಕಪ್ಪು ಚುಕ್ಕೆ ಮೂಡಿತು. ಕೆಳಗೆ ಹಲಗೆಯ ಮೇಲೆ ಬಾಗಿದವನ ಮೀನಖಂಡ ತಂತಿಯಂತೆ ಬಿಗಿದಿತ್ತು. ಕೋಣಗಳ ಕಿವಿ ಹಿಂದಕ್ಕೆ ಮಲಗಿದ್ದವು. ಇಷ್ಟೆಲ್ಲ ಇತ್ತೆಂದು ದಡದಲ್ಲಿ ನಿಂತ ಯಾರಿಗೂ ತಿಳಿದಿರಲಾರದು.

ಕಂಬಳದ ಬಹು ಪ್ರಸಿದ್ಧ ವಿಡಿಯೋ ನಿಮಗೂ ಗೊತ್ತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು. ಅದನ್ನು ನೂರು ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟಿಗಿಂತ ವೇಗ ಎಂದು ದೇಶವೇ ಕುಣಿಯಿತು. ತುಣುಕಿನಲ್ಲಿ ಎಲ್ಲರೂ ನೋಡಿದ್ದು ಗೌಡರನ್ನು. ಗೌಡರೊಬ್ಬರು ಮಾತ್ರ ಶ್ರೇಯಸ್ಸು ತಮ್ಮ ಕೋಣಗಳಿಗೂ ಸಲ್ಲಬೇಕೆಂದರು. ಹೈಲೈಟ್ಸಿನ ನಾಯಕನೇ ಚೌಕಟ್ಟಿನ ಇನ್ನೊಂದು ಬದಿಗೆ ಬೆರಳು ತೋರಿಸುವುದು ಅಪರೂಪ.

ಇನ್ನೊಂದು ಬದಿಯವರಿಗೆ ಎಡಿಟರುಗಳ ಭಾಷೆಯಲ್ಲಿ ಒಂದು ಗೂಡಿದೆ, ‘ಬಿ-ರೋಲ್’. 16 ಮಿ.ಮೀ. ಫಿಲ್ಮಿನ ಕಾಲದಲ್ಲಿ ಅಂಟು ಹಾಕಿದ ಗುರುತು ಕಾಣದಿರಲೆಂದು ಶಾಟುಗಳನ್ನು ಎ ಮತ್ತು ಬಿ ಎಂಬ ಎರಡು ಸುರುಳಿಗಳಿಗೆ ಹಂಚಿ ಜೋಡಿಸುತ್ತಿದ್ದರು. ಈಗ ಫಿಲ್ಮೂ ಇಲ್ಲ, ಸುರುಳಿಯೂ ಇಲ್ಲ. ಮುಖ್ಯ ಆಟ ಎ ಆದರೆ ಚಪ್ಪಾಳೆ ತಟ್ಟುವ ಜನ, ನೀರು ತರುವ ಹುಡುಗ, ಪೆವಿಲಿಯನ್ನಿನಲ್ಲಿ ಉಗುರು ಕಚ್ಚುವ ಕೋಚು ಎಲ್ಲರೂ ಬಿ. ನಡುವೆ ಅವರತ್ತ ಹಾರಿ ವಾಪಸಾಗುವುದೇ ‘ಕಟ್‌ಅವೇ’. ಇದರಲ್ಲಿ ತೇಪೆಯ ಕೆಲಸವೂ ಉಂಟು. ಎರಡು ಓವರ್ ಹಾರಿಸಿದ ಕಡೆ ಒಬ್ಬ ಅಜ್ಜ ತಲೆದೂಗುವ ಶಾಟ್ ಇಟ್ಟರೆ ಯಾರಿಗೂ ಕುಪ್ಪಳಿಸಿದಂತೆ ತೋರದು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್, ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವೂ ಕಂಡಿತು, ದುಃಖವೂ ಕಂಡಿತು. ನಮ್ಮ ಹುಡುಗನಿಗೆ ಕುಲೆಶೋವ್ ಯಾರೆಂದು ತಿಳಿಯದು. ಆದರೆ ಆಕಳಿಸುತ್ತಿದ್ದ ಕೋಚನ್ನು ಕ್ಯಾಚು ಬಿಟ್ಟ ಶಾಟಿನ ಹಿಂದೆಯೇ ಇಟ್ಟು, ಆ ಆಕಳಿಕೆಯನ್ನು ಆರ್ತನಾದ ಮಾಡಿದ್ದಾನೆ.

ಈ ಎ, ಬಿ ಹಂಚಿಕೆ ಎಲ್ಲ ಸಲವೂ ಸರಿಯೇ ಎನ್ನುವುದು ನನ್ನ ಸಂಶಯ. 1999ರ ಫೆಬ್ರವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನಕ್ಕೆ 420ರ ಗುರಿ, ವಿಕೆಟ್ ಬೀಳದೆ 101. ಆಮೇಲೆ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತರು. ಅದರ ಹೈಲೈಟ್ಸ್ ಐದಾರು ನಿಮಿಷದ್ದು, ನಾನು ಈಗಲೂ ಆಗಾಗ ನೋಡುತ್ತೇನೆ. ಅಫ್ರಿದಿಯಿಂದ ಹಿಡಿದು ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿಯುವ ತನಕ ಹತ್ತೂ ಸಾಲಾಗಿ ಬರುತ್ತವೆ. ಬಾರದಿರುವುದು ಒಂದೇ. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಎಸೆದ ಓವರು. ಜೀವಮಾನವಿಡೀ ಸ್ಟಂಪಿಗೆ ಗುರಿಯಿಟ್ಟ ವೇಗಿ, ಅಂದು ಗೆಳೆಯನ ಹತ್ತನೆಯದು ತಪ್ಪದಿರಲೆಂದು ಚೆಂಡನ್ನು ಬೇಕೆಂದೇ ಆಫ್ ಸ್ಟಂಪಿನಿಂದ ದೂರ ದೂರ ಎಸೆದರು, ವೈಡ್ ಅನ್ನಿಸಿಕೊಂಡರು. ವಿಕೆಟ್ ಪಡೆಯದಿರಲು ಪಟ್ಟ ಆ ಪಾಡು ಯಾವ ಲೆಕ್ಕದಲ್ಲಿ ಬಿ-ರೋಲ್ ಆದೀತು? ಏನೂ ಆಗಿಲ್ಲವೆಂದು ರಿಪಲ್ ಡಿಲೀಟ್ ಆದ ಓವರುಗಳ ಪೈಕಿ ಅದೇ ಹಿರಿಯದು.

1983ರ ಜೂನ್ 18ರದು ಇದಕ್ಕೆ ತದ್ವಿರುದ್ಧ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17ಕ್ಕೆ 5. ಕಪಿಲ್ ದೇವ್ 138 ಎಸೆತಗಳಲ್ಲಿ ಔಟಾಗದೆ 175. ಆ ಆಟದ ಟಿವಿ ದಾಖಲೆಯೇ ಇಲ್ಲ. ಕತ್ತರಿಸಲು ಸುರುಳಿಯೇ ಇಲ್ಲದ್ದರಿಂದ ಆ ಇನಿಂಗ್ಸ್ ಇಡಿಯಾಗಿ ಉಳಿದಿದೆ, ಸ್ಕೋರ್ ಪಟ್ಟಿಯಲ್ಲಿ. ಪಟ್ಟಿಯಲ್ಲಿ ಇನ್ನೊಂದು ತುದಿಯವನಿಗೂ ಒಂದು ಸಾಲಿದೆ. 140ಕ್ಕೆ 8 ಆಗಿದ್ದಾಗ ಬಂದ ನಮ್ಮ ಬೆಂಗಳೂರಿನ ಸೈಯದ್ ಕಿರ್ಮಾನಿ, ಔಟಾಗದೆ 24, ಮುರಿಯದ ಒಂಬತ್ತನೇ ವಿಕೆಟ್ಟಿಗೆ 126. ಅದಕ್ಕೂ ಮುಂಚೆ ಕಪಿಲರ ಜೊತೆ ನಿಂತು 60 ಕೂಡಿಸಿದವರು ರೋಜರ್ ಬಿನ್ನಿ, ಅವರೂ ಬೆಂಗಳೂರಿನವರೇ. ವಿಡಿಯೋ ಇದ್ದಿದ್ದರೆ ಕಿರ್ಮಾನಿಯ 24ರಲ್ಲಿ ಎಷ್ಟು ಉಳಿಯುತ್ತಿತ್ತೆಂದು ಅಳಿಯನನ್ನು ಕೇಳಿದೆ. ಅವನು ನಿರ್ವಂಚನೆಯಿಂದ ಹೇಳಿದ: “ಕಪಿಲ್ ಸರ್‌ನ ತಬ್ಬಿಕೊಳ್ಳೋ ಶಾಟ್ ಇದ್ರೆ ಇಡ್ತಿದ್ದೆ ಮಾವ.”

ಕಾಯುವುದನ್ನು ಕತ್ತರಿಸಿದರೆ ಕೆಲವು ಸಂಗತಿಗಳಿಗೆ ಅರ್ಥವೇ ಹೋಗಿಬಿಡುತ್ತದೆ. 2008ರ ಜನವರಿ, ಸಿಡ್ನಿ ಟೆಸ್ಟ್. ರಾಹುಲ್ ದ್ರಾವಿಡ್ 18ರಲ್ಲಿ ಸಿಕ್ಕಿಕೊಂಡರು. ನಲವತ್ತು ಎಸೆತ ಕಳೆದರೂ ಹತ್ತೊಂಬತ್ತಾಗಲಿಲ್ಲ. ಕೊನೆಗೊಂದು ಸಿಂಗಲ್ ಬಂತು, ಮೈದಾನ ಚಪ್ಪಾಳೆಯಲ್ಲಿ ಮುಳುಗಿತು, ದ್ರಾವಿಡ್ ಬ್ಯಾಟೆತ್ತಿ ವಂದಿಸಿದರು. ಆ ಒಂದು ರನ್ನನ್ನಷ್ಟೇ ಕಡಿದು ತೋರಿಸಿ ನೋಡಿ. ಇವರಿಗೆಲ್ಲ ಏನಾಗಿದೆ ಎಂದು ಕೇಳುತ್ತೀರಿ. ನಲವತ್ತೂ ಎಸೆತ ನೋಡಿದವನಿಗಷ್ಟೇ ಆ ಚಪ್ಪಾಳೆಯ ನಗು, ಕೀಟಲೆ, ಗೌರವ ಮೂರೂ ಕೇಳಿಸೀತು.

ಹಾಗೆಂದು ಕತ್ತರಿಯೇ ಬೇಡವೆನ್ನಲು ನಾನು ಸಿದ್ಧನಿಲ್ಲ. ನಮ್ಮ ತಲೆಮಾರು ಕ್ರಿಕೆಟ್ಟನ್ನು ಕಣ್ಣಿಂದ ಕಂಡದ್ದೇ ಕತ್ತರಿಸಿದ ರೂಪದಲ್ಲಿ. ಟೆಂಟ್ ಸಿನಿಮಾದಲ್ಲಿ ಚಿತ್ರ ಶುರುವಾಗುವ ಮುಂಚೆ ಫಿಲಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಹಾಕುತ್ತಿದ್ದರು. ನೆರೆ, ಅಣೆಕಟ್ಟು, ವಿದೇಶಿ ಗಣ್ಯರ ಭೇಟಿ ಎಲ್ಲ ಮುಗಿದ ಮೇಲೆ ಎಂದೋ ನಡೆದ ಟೆಸ್ಟ್ ಪಂದ್ಯದ ಐದು ದಿನ ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತಿತ್ತು. ಅದರಲ್ಲಿ ಗುಂಡಪ್ಪ ವಿಶ್ವನಾಥರ ಒಂದು ಸ್ಕ್ವೇರ್ ಕಟ್ ಸಿಕ್ಕಿದರೆ ಟಿಕೆಟಿನ ಕಾಸು ವಸೂಲು. ಮಾರನೆಯ ದಿನ ಶಾಲೆಯಲ್ಲಿ ಅದನ್ನು ಅಭಿನಯಿಸುವ ಒಬ್ಬ ಸಹಪಾಠಿಯಿದ್ದ. ಬ್ಯಾಟಿನ ‘ಟಕ್’ ಸದ್ದನ್ನು ಅವನ ನಾಲಿಗೆ ಮೊದಲು ಮಾಡುತ್ತಿತ್ತು, ಕೈ ಆಮೇಲೆ ಬೀಸುತ್ತಿತ್ತು. ಕೈ ಇಳಿದು ಎಷ್ಟೋ ಹೊತ್ತಾದರೂ ಬಾಯಿಂದ ಜನರ ಗದ್ದಲ ಹೊರಡುತ್ತಲೇ ಇರುತ್ತಿತ್ತು. ಸದ್ದು ಚಿತ್ರಕ್ಕಿಂತ ಮುಂಚೆ ಬಂದರೆ ‘ಜೆ-ಕಟ್’, ಚಿತ್ರ ಬದಲಾದರೂ ಹಿಂದಿನ ಸದ್ದು ಮುಂದುವರಿದರೆ ‘ಎಲ್-ಕಟ್’ ಎಂದು ಈಗ ಅಳಿಯನಿಂದ ಕಲಿತೆ. ನಮ್ಮ ಸಹಪಾಠಿಗೆ ಎರಡೂ ಕರತಲಾಮಲಕವಾಗಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಅಳಿಯನ ಸ್ಟುಡಿಯೋದಲ್ಲಿ ಒಬ್ಬ ಹಿರಿಯ ಎಡಿಟರ್ ಇದ್ದಾರೆ. ಅವರು ಕತ್ತರಿಸುವುದನ್ನು ನೋಡಿದ ಮೇಲೆ ಕಸುಬಿನ ಒಳಗುಟ್ಟು ಸ್ವಲ್ಪ ತಿಳಿಯಿತು. ಹುಡುಗರು ಇನ್ ಪಾಯಿಂಟನ್ನು ಚೆಂಡು ಬೌಲರನ ಕೈ ಬಿಡುವಲ್ಲಿ ಇಡುತ್ತಾರೆ. ಇವರು ಅವನು ಓಟದ ಗುರುತಿನಲ್ಲಿ ತಿರುಗುವಲ್ಲಿ ಇಟ್ಟರು. ಚೆಂಡನ್ನು ಪ್ಯಾಂಟಿಗೆ ಒಮ್ಮೆ ಉಜ್ಜಿದ್ದು, ಫೀಲ್ಡರನ್ನು ಎರಡು ಹೆಜ್ಜೆ ಸರಿಸಿದ್ದು ಬಂತು. ಸಂಗೀತವನ್ನು ಇಳಿಸಿ, ‘ನ್ಯಾಟ್ ಸೌಂಡ್’, ಎಂದರೆ ಮೈದಾನದ್ದೇ ಸದ್ದು, ಏರಿಸಿದರು. ಒಣ ನೆಲದ ಮೇಲೆ ಬೂಟಿನ ದಡದಡ, ಯಾರೋ “ಬಾರೋ ಮಗಾ” ಎಂದದ್ದು, ಬ್ಯಾಟಿನ ಸದ್ದು. ಸಿಕ್ಸರು ಹೋದ ಮೇಲೂ ಅವರು ಔಟ್ ಪಾಯಿಂಟ್ ಒತ್ತಲಿಲ್ಲ. ಬೌಲರ್ ಸೊಂಟಕ್ಕೆ ಕೈಯಿಟ್ಟು ನಿಂತ, ನಕ್ಕ, ತಲೆ ಕೊಡವಿಕೊಂಡು ತನ್ನ ಗುರುತಿಗೆ ಹೊರಟ. ಅಲ್ಲಿ ಕತ್ತರಿಸಿದರು. ಒಟ್ಟು ನಾಲ್ಕೈದು ಸೆಕೆಂಡು ಹೆಚ್ಚಾಗಿರಬಹುದು. ಹುಡುಗರ ಸಿಕ್ಸರಿಗಿಂತ ಇವರ ಸಿಕ್ಸರು ದೂರ ಹೋದಂತೆ ಕಂಡಿತು, ಏಕೆಂದರೆ ಇದನ್ನು ಯಾರೋ ಒಬ್ಬ ತಡೆಯಲು ನೋಡಿದ್ದ.

ಆದ್ದರಿಂದ ಹೈಲೈಟ್ಸ್ ಕತ್ತರಿಸುವ ತಮ್ಮಂದಿರಲ್ಲಿ ನನ್ನ ಅರಿಕೆ ದೊಡ್ಡದೇನಲ್ಲ. ಚೆಂಡಿನ ಹಿಂದೆ ಮೂರು ಸೆಕೆಂಡು, ಮುಂದೆ ಎರಡು ಸೆಕೆಂಡು ಬಿಡಿ. ಸಂಗೀತ ಸ್ವಲ್ಪ ತಗ್ಗಿಸಿ, ಬ್ಯಾಟಿನ ಸದ್ದು ಕೇಳಲಿ. ಹೊಡೆದವನ ಹೆಸರು ಬೆಂಕಿಯ ಅಕ್ಷರದಲ್ಲೇ ಇರಲಿ, ಬೇಡ ಎನ್ನುವುದಿಲ್ಲ. ಅದರ ಪಕ್ಕದಲ್ಲಿ ಎಸೆದವನ ಹೆಸರನ್ನೂ ಸಣ್ಣಗೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಸ್ಕೋರರನ್ನು ಕೇಳಿ. ಅವರ ಪುಸ್ತಕದಲ್ಲಿ ಎಲ್ಲರ ಹೆಸರೂ ಇರುತ್ತದೆ.